ಘಟ್ಟ ಇಳಿಯುವ ರಕ್ತ: ಕೊಡಗಿನಲ್ಲಿ ಮಾರುವ ‘ಹಾರ್ಟ್ ಪ್ಯಾಕೇಜ್’ ಬಿಪಿ ಇದ್ದವರಿಗೆ ಎಷ್ಟು ಉಪಯೋಗ?

ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ, ಯಾವ ಪೇಟೆಗೆ ಹೋದರೂ ಈಗ ಖಾಸಗಿ ಲ್ಯಾಬ್‌ಗಳ ಕಲೆಕ್ಷನ್ ಸೆಂಟರ್ ಸಿಗುತ್ತದೆ. ಫೋನ್ ಮಾಡಿದರೆ ತೋಟದ ಮನೆಯವರೆಗೂ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ. ಒಂದೆರಡು ದಿನದಲ್ಲಿ ವಾಟ್ಸಾಪ್‌ಗೆ ರಿಪೋರ್ಟ್ ಬರುತ್ತದೆ. ಬಿಪಿ ಇದ್ದವರಿಗೆಂದೇ ಇವರು ಮಾರುವುದು ‘ಹಾರ್ಟ್ ಪ್ಯಾಕೇಜ್’ ಅಥವಾ ‘ಕಾರ್ಡಿಯಾಕ್ ಪ್ರೊಫೈಲ್’. ಹೆಸರು ಬೇರೆ ಬೇರೆ, ಒಳಗಿರುವುದು ಹೆಚ್ಚುಕಡಿಮೆ ಒಂದೇ. ಹಾಗಾಗಿ ಇಲ್ಲಿ ಯಾವ ಲ್ಯಾಬಿನ ಹೆಸರನ್ನೂ ಎತ್ತದೆ, ಈ ಬಗೆಯ ಸೇವೆಯನ್ನೇ ಒರೆಗೆ ಹಚ್ಚಿದ್ದೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಮನೆಗೆ ಬಂದು ರಕ್ತ ತೆಗೆಯುವ ಸೇವೆ ಕೊಡಗಿನಂಥ ಊರಿಗೆ ನಿಜಕ್ಕೂ ಬೇಕು. ಮಂಡಿ ನೋವಿನ ಅಜ್ಜಿಯನ್ನು ಖಾಲಿ ಹೊಟ್ಟೆಯಲ್ಲಿ ಜೀಪು ಹತ್ತಿಸಿ ಪೇಟೆಗೆ ಕರೆತರುವ ಕಷ್ಟ ತಪ್ಪುತ್ತದೆ. ಆದರೆ ಪ್ಯಾಕೇಜನ್ನು ಇದ್ದ ಹಾಗೇ ಕೊಳ್ಳಬೇಡಿ. ಬಿಪಿ ಇದ್ದವರಿಗೆ ತೀರಾ ಬೇಕಾದ ಒಂದು ಪರೀಕ್ಷೆ ಅದರಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಬೇಡದ ಒಂದೆರಡು ದುಬಾರಿ ಪರೀಕ್ಷೆ ಇರುತ್ತವೆ. ಇದ್ದವುಗಳಲ್ಲೂ ಕೆಲವು, ರಕ್ತ ಘಟ್ಟ ಇಳಿದು ಮೈಸೂರು, ಮಂಗಳೂರು, ಬೆಂಗಳೂರಿನ ಯಂತ್ರ ಮುಟ್ಟುವ ಹೊತ್ತಿಗೆ ಕೆಟ್ಟಿರುತ್ತವೆ.

ಪಟ್ಟಿಯಲ್ಲಿ ಹತ್ತಾರು ಪರೀಕ್ಷೆಗಳ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಎಣಿಸುವ ರೀತಿ ಗೊತ್ತಿರಲಿ. ರಕ್ತಕಣಗಳ ಎಣಿಕೆ, ಅಂದರೆ ಸಿಬಿಸಿ, ಒಂದೇ ಪರೀಕ್ಷೆ. ಅದರಿಂದ ಬರುವ ಒಂದೊಂದು ಅಂಕಿಯನ್ನೂ ಬೇರೆ ಪರೀಕ್ಷೆಯೆಂದು ಲೆಕ್ಕ ಹಿಡಿಯುತ್ತಾರೆ. ಕೊಲೆಸ್ಟ್ರಾಲಿನಲ್ಲಿ ಯಂತ್ರ ಅಳೆಯುವುದು ಮೂರ್ನಾಲ್ಕು ಅಂಕಿ. ಅವನ್ನೇ ಕೂಡಿ ಕಳೆದು ಭಾಗಿಸಿ ಎಂಟೊಂಬತ್ತು ಸಾಲು ಮಾಡುತ್ತಾರೆ. ಎಣಿಕೆ ನೋಡಿ ಪ್ಯಾಕೇಜಿನ ಬೆಲೆ ಕಟ್ಟಬಾರದು.

ಪ್ಯಾಕೇಜಿನಲ್ಲಿ ಇಲ್ಲದ ಪರೀಕ್ಷೆ

ಬಿಪಿ ಇರುವ ಪ್ರತಿಯೊಬ್ಬರೂ ಮಾಡಿಸಬೇಕಾದ್ದು ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ, ಲ್ಯಾಬಿನವರ ಬಾಯಲ್ಲಿ ‘ಯೂರಿನ್ ಎಸಿಆರ್’. ಅಲ್ಬುಮಿನ್ ಎಂದರೆ ಕಿಡ್ನಿ ಸೋರದಂತೆ ಉಳಿಸಿಕೊಳ್ಳಬೇಕಾದ ರಕ್ತದ ಪ್ರೋಟೀನ್, ಕ್ರಿಯಾಟಿನಿನ್ ಎಂದರೆ ಕಿಡ್ನಿ ಹೊರಹಾಕುವ ಕಸ. ರಕ್ತದ ಪ್ಯಾಕೇಜು ಎಂದ ಮಾತ್ರಕ್ಕೆ ಇದನ್ನು ಬಿಟ್ಟುಬಿಡುತ್ತಾರೆ, ಇಲ್ಲವೇ ‘ಯೂರಿನ್ ರೊಟೀನ್’ ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ರೊಟೀನ್‌ನಲ್ಲಿ ಕಾಗದದ ಪಟ್ಟಿಯನ್ನು ಮೂತ್ರಕ್ಕೆ ಅದ್ದಿ ಬಣ್ಣ ನೋಡುತ್ತಾರೆ. ಅಲ್ಬುಮಿನ್ ಜಾಸ್ತಿ ಸೋರುತ್ತಿದ್ದರೆ ಅದು ಹಿಡಿಯುತ್ತದೆ. ಆರಂಭದ ಸಣ್ಣ ಸೋರಿಕೆ ಅದರ ಕಣ್ಣಿಗೆ ಬೀಳುವುದಿಲ್ಲ, ‘ನಿಲ್’ ಎಂದು ಬರೆದು ಕೊಡುತ್ತಾರೆ. ನಮಗೆ ಬೇಕಾಗಿರುವುದು ಆ ಸಣ್ಣ ಸೋರಿಕೆಯೇ.

ಎಸಿಆರ್ 30 ಮಿ.ಗ್ರಾಂ/ಗ್ರಾಂಗಿಂತ ಕಡಿಮೆ ಇದ್ದರೆ ಸರಿ. 30ರಿಂದ 300ರ ನಡುವೆ ಇದ್ದರೆ ಮಧ್ಯಮ ಏರಿಕೆ. 300 ದಾಟಿದರೆ ತೀವ್ರ. ಏರು ಒತ್ತಡ ಕಿಡ್ನಿಯ ಸೋಸುವ ಜಾಲರಿಯನ್ನು ಸಡಿಲ ಮಾಡಿದೆ ಎಂಬುದಕ್ಕೆ ಇದು ಸಾಕ್ಷಿ. ದೇಹದ ಉಳಿದ ಕಡೆಯ ಸಣ್ಣ ರಕ್ತನಾಳಗಳ ಒಳಪದರಕ್ಕೂ ಅದೇ ಏಟು ಬಿದ್ದಿರುತ್ತದೆ. ಹಾಗಾಗಿಯೇ ಎಸಿಆರ್ ಏರಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸೋಲುವುದು ಎಲ್ಲವೂ ಹೆಚ್ಚು. ಯುರೋಪಿನ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿ ಬಿಪಿ ಇರುವ ಎಲ್ಲರಿಗೂ ರಕ್ತದ ಕ್ರಿಯಾಟಿನಿನ್, ಅದರಿಂದ ಕಿಡ್ನಿ ಸೋಸುವ ವೇಗವನ್ನು ಲೆಕ್ಕ ಹಾಕುವ ಇಜಿಎಫ್‌ಆರ್ ಜೊತೆ ಎಸಿಆರ್ ಕೂಡ ಮಾಡಿಸಿ ಎನ್ನುತ್ತದೆ.

ಮೂತ್ರವನ್ನು ಬೆಳಿಗ್ಗೆ ಎದ್ದ ಕೂಡಲೇ ಹಿಡಿಯಬೇಕು, ಮೊದಲ ಸ್ವಲ್ಪ ಬಿಟ್ಟು ನಡುವಿನದ್ದು. ಹಿಂದಿನ ದಿನ ತೋಟದಲ್ಲಿ ಗುಂಡಿ ತೆಗೆದು, ಗೊಬ್ಬರ ಹೊತ್ತು ದಣಿದಿದ್ದರೆ ಅಲ್ಬುಮಿನ್ ಸುಮ್ಮನೇ ಏರುತ್ತದೆ. ಒಂದು ದಿನ ಬಿಟ್ಟು ಕೊಡಿ. ಜ್ವರ, ಉರಿಮೂತ್ರ, ಮುಟ್ಟಿನ ದಿನಗಳಲ್ಲಿಯೂ ಬೇಡ. ಕೊಡಗಿನವರು ಇನ್ನೊಂದು ದಿನವನ್ನೂ ನೆನಪಿಟ್ಟುಕೊಳ್ಳಬೇಕು. ಆಗಸ್ಟ್ 3ರ ಸುಮಾರಿಗೆ ಬರುವ, ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಮದ್ದು ಸೊಪ್ಪಿನ ಪಾಯಸ ಉಂಡವರಿಗೆ ಮೂತ್ರ ಕೆಂಪಾಗುತ್ತದೆ. ಅದರಿಂದ ಕೆಡುಕೇನೂ ಇಲ್ಲ. ಆದರೆ ಬಣ್ಣ ನೋಡಿ ಅಳೆಯುವ ಪರೀಕ್ಷೆಗೆ ತೊಡಕಾಗಬಹುದು. ಮೂತ್ರದ ಬಣ್ಣ ಮಾಮೂಲಿಗೆ ಬರುವ ತನಕ ಸ್ಯಾಂಪಲ್ ಕೊಡಬೇಡಿ. ಒಂದು ಸಲ ಹೆಚ್ಚು ಬಂದರೆ ಅಲ್ಲಿಗೇ ತೀರ್ಮಾನಕ್ಕೆ ಬರುವಂತಿಲ್ಲ. ಮೂರರಿಂದ ಆರು ತಿಂಗಳಲ್ಲಿ ಮೂರು ಸಲ ನೋಡಿ, ಎರಡು ಸಲ ಏರಿದ್ದರೆ ಮಾತ್ರ ಖಚಿತ.

ಬೆಲೆಯಲ್ಲಿ ಇದು ಪ್ಯಾಕೇಜಿನ ಒಂದು ಪಾಲಷ್ಟೆ. ಬಿಡಿಯಾಗಿ ಸೇರಿಸಿ ಎಂದರೆ ಸೇರಿಸುತ್ತಾರೆ. ‘ಮೈಕ್ರೋ ಅಲ್ಬುಮಿನ್’ ಎಂದು ಮಾತ್ರ ಬರೆದುಕೊಂಡರೆ ಕ್ರಿಯಾಟಿನಿನ್ ಜೊತೆಗಿನ ಅನುಪಾತ ಬರುತ್ತದೆಯೇ ಎಂದು ಕೇಳಿ. ನೀರು ಜಾಸ್ತಿ ಕುಡಿದ ದಿನ ಮೂತ್ರ ತೆಳುವಾಗಿ, ಅನುಪಾತವಿಲ್ಲದ ಅಲ್ಬುಮಿನ್ ಅಂಕಿ ಮೋಸ ಮಾಡುತ್ತದೆ.

ಸಾಗಣೆ: ಇಡೀ ಸೇವೆ ನಿಂತಿರುವುದೇ ಇದರ ಮೇಲೆ

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಸಂಪಾಜೆ ಘಟ್ಟ ಇಳಿದು ಮಂಗಳೂರು ಇನ್ನೂ ಸ್ವಲ್ಪ ದೂರ. ನಾಪೋಕ್ಲು ಕಡೆಯ ತೋಟದಲ್ಲಿ ಬೆಳಿಗ್ಗೆ 7ಕ್ಕೆ ತೆಗೆದ ರಕ್ತ ಹತ್ತಾರು ಮನೆ ಸುತ್ತಿ, ಸೆಂಟರ್ ತಲುಪಿ, ಬಸ್ಸಿಗೋ ವ್ಯಾನಿಗೋ ಬಿದ್ದು ಯಂತ್ರ ಮುಟ್ಟುವಾಗ ಸಂಜೆಯಾಗಿರುತ್ತದೆ. ಮಳೆಗಾಲದಲ್ಲಿ ಮರ ಬಿದ್ದರೆ, ಗುಡ್ಡ ಜರಿದರೆ ಮಾರನೆಯ ದಿನ. ರಕ್ತ ಟ್ಯೂಬಿನೊಳಗೂ ಜೀವಂತ ವಸ್ತು. ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಪೊಟ್ಯಾಸಿಯಂ ಹೊರಬಿಡುತ್ತಲೇ ಇರುತ್ತವೆ.

ಹಳದಿ ಅಥವಾ ಚಿನ್ನದ ಬಣ್ಣದ ಮುಚ್ಚಳದ ಟ್ಯೂಬನ್ನು ಒಮ್ಮೆ ಹತ್ತಿರದಿಂದ ನೋಡಿ. ತಳದಲ್ಲಿ ಬಿಳಿಚಾದ ಜೆಲ್ ಇರುತ್ತದೆ. ರಕ್ತ ತುಂಬಿದ ಮೇಲೆ ನಾಲ್ಕೈದು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಅರ್ಧ ಗಂಟೆ ನೆಟ್ಟಗೆ ನಿಲ್ಲಿಸಿ ಹೆಪ್ಪುಗಟ್ಟಲು ಬಿಡಬೇಕು. ಆಮೇಲೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಸುಮಾರು ಹತ್ತು ನಿಮಿಷ ತಿರುಗಿಸಿದರೆ ಕಣಗಳು ಕೆಳಗೆ, ಜೆಲ್ ನಡುವೆ ಗೋಡೆಯಂತೆ, ಮೇಲೆ ತಿಳಿಯಾದ ಹುಲ್ಲು ಬಣ್ಣದ ಸೀರಂ. ಗೋಡೆ ಎದ್ದ ಮೇಲೆ ತಂಪು ಡಬ್ಬಕ್ಕೆ ಹಾಕಿ ಎಷ್ಟು ದೂರ ಬೇಕಾದರೂ ಕಳಿಸಿ, ಕ್ರಿಯಾಟಿನಿನ್, ಕೊಲೆಸ್ಟ್ರಾಲ್, ಪೊಟ್ಯಾಸಿಯಂ ಒಂದು ದಿನ ಕೆಡುವುದಿಲ್ಲ. ಮೇಲಿನ ಸೀರಂ ಗುಲಾಬಿ ಅಥವಾ ಕೆಂಪು ಇದ್ದರೆ ಕಣಗಳು ಒಡೆದಿವೆ ಎಂದರ್ಥ. ಅಂಥ ಟ್ಯೂಬಿನ ಪೊಟ್ಯಾಸಿಯಂ ಅಂಕಿಯನ್ನು ನಂಬುವಂತಿಲ್ಲ.

ತಪ್ಪು ನಡೆಯುವುದು ಇಲ್ಲಿ. ತಿರುಗಿಸದ ಟ್ಯೂಬನ್ನೇ ಐಸ್ ಪ್ಯಾಕಿಗೆ ಅಂಟಿಸಿ ಡಬ್ಬ ಮುಚ್ಚುತ್ತಾರೆ. ತಂಪಾಗಿದ್ದರೆ ಎಲ್ಲವೂ ಒಳ್ಳೆಯದು ಎಂಬ ನಂಬಿಕೆ. ಕಣದೊಳಗೆ ಪೊಟ್ಯಾಸಿಯಂ ಹಿಡಿದಿಡುವ ಪಂಪು ಚಳಿಗೆ ಕುಂಟುತ್ತದೆ. ಗಂಟೆಗಳು ಕಳೆದಂತೆ ಪೊಟ್ಯಾಸಿಯಂ ಹೊರಗೆ ಸೋರಿ ರಿಪೋರ್ಟಿನಲ್ಲಿ 5.8, 6.2 ಎಂದು ಬರುತ್ತದೆ. ಪೊಟ್ಯಾಸಿಯಂ ಏರಿಸಬಲ್ಲ ಬಿಪಿ ಮಾತ್ರೆಗಳಾದ ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ತಿನ್ನುವವರಿಗೆ ಈ ಅಂಕಿ ಬಂದರೆ ಗಾಬರಿಯಾಗಿ, ಬೇಕಾದ ಮಾತ್ರೆಯನ್ನೇ ನಿಲ್ಲಿಸಿಬಿಡುವ ಅಪಾಯವಿದೆ. ಇದಕ್ಕೆ ತದ್ವಿರುದ್ಧವೂ ಆಗುತ್ತದೆ. ಕ್ಲೋರ್‌ಥಾಲಿಡೋನ್, ಹೈಡ್ರೋಕ್ಲೋರೋಥಯಾಜೈಡ್ ಎಂಬ ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತಿನ್ನುವವರಲ್ಲಿ ಪೊಟ್ಯಾಸಿಯಂ ನಿಜಕ್ಕೂ ಕುಸಿದಿರಬಹುದು. ಟ್ಯೂಬಿನೊಳಗಿನ ಸೋರಿಕೆ ಅದನ್ನು ಎತ್ತಿ ‘ನಾರ್ಮಲ್’ ಎಂದು ತೋರಿಸುತ್ತದೆ.

ಪೊಟ್ಯಾಸಿಯಂ ಕೆಡಿಸುವ ಇನ್ನೂ ಎರಡು ತಪ್ಪು ಮನೆಯ ಜಗಲಿಯಲ್ಲೇ ನಡೆಯುತ್ತವೆ. ಡಿಸೆಂಬರ್ ಚಳಿಗೆ ನರ ಸಿಗುವುದಿಲ್ಲ. ‘ಮುಷ್ಟಿ ಬಿಗಿ ಮಾಡಿ, ಬಿಡಿ, ಬಿಗಿ ಮಾಡಿ’ ಎನ್ನುತ್ತಾರೆ, ರಬ್ಬರ್ ಪಟ್ಟಿಯನ್ನು ಎರಡು ಮೂರು ನಿಮಿಷ ಬಿಗಿದೇ ಇಡುತ್ತಾರೆ. ಹೀಗೆ ಹಿಂಡಿದ ಸ್ನಾಯುವಿನಿಂದಲೂ ಪೊಟ್ಯಾಸಿಯಂ ರಕ್ತಕ್ಕೆ ಬರುತ್ತದೆ. ಪಟ್ಟಿ ಒಂದು ನಿಮಿಷ ಮೀರಬಾರದು. ನರ ಸಿಗದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೊಣಕೈಗೆ ಐದು ನಿಮಿಷ ಸುತ್ತಿದರೆ ಸಾಕು. ಇನ್ನೊಂದು ತಪ್ಪು, ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ಹೆಚ್ಚಾಯಿತೆಂದು ಅದರಿಂದ ಹಳದಿ ಟ್ಯೂಬಿಗೆ ಸುರಿಯುವುದು. ನೇರಳೆಯೊಳಗೆ ಇರುವುದೇ ಪೊಟ್ಯಾಸಿಯಂ ಸೇರಿದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ. ಒಂದೆರಡು ಹನಿ ಬಿದ್ದರೂ ಪೊಟ್ಯಾಸಿಯಂ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಹಳದಿ ಮೊದಲು, ನೇರಳೆ ಆಮೇಲೆ, ಸಕ್ಕರೆಯ ಬೂದು ಟ್ಯೂಬು ಕೊನೆಗೆ. ಈ ಕ್ರಮ ತಪ್ಪಿಸುವವರ ಕೈಗೆ ತೋಳು ಚಾಚಬೇಡಿ.

ಸಕ್ಕರೆಗೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬೇ ಆಗಬೇಕು. ತಿರುಗಿಸದ ಬೇರೆ ಟ್ಯೂಬಿನಲ್ಲಿಟ್ಟರೆ ಗಂಟೆಗೆ ಶೇ 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ. 130 ಇದ್ದವರಿಗೆ ಮೂರ್ನಾಲ್ಕು ಗಂಟೆಯಲ್ಲಿ 105ರ ಆಸುಪಾಸು ತೋರಿಸಿ, ಸಕ್ಕರೆ ಕಾಯಿಲೆ ಇರುವುದೇ ಗೊತ್ತಾಗದೆ ಹೋಗುತ್ತದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ನೇರಳೆ ಟ್ಯೂಬಿನಲ್ಲಿ ತಂಪಾಗಿ ಹಲವು ದಿನ ಕೆಡದೆ ಇರುತ್ತದೆ, ಅದಕ್ಕೆ ಸಾಗಣೆಯ ಭಯವಿಲ್ಲ. ರಕ್ತಹೀನತೆ ಇದ್ದವರಲ್ಲಿ ಮಾತ್ರ ಅದೂ ದಾರಿ ತಪ್ಪಿಸುತ್ತದೆ.

ಹಾಗಾಗಿ ಬುಕ್ ಮಾಡುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ. ‘ರಕ್ತ ತೆಗೆದು ಎಷ್ಟು ಹೊತ್ತಿಗೆ, ಎಲ್ಲಿ ಸೆಂಟ್ರಿಫ್ಯೂಜ್ ಮಾಡುತ್ತೀರಿ?’ ಎಂದು ಕೇಳಿ. ‘ನಮ್ಮ ಸೆಂಟರ್‌ನಲ್ಲೇ, ಎರಡು ಗಂಟೆಯೊಳಗೆ’ ಎಂದರೆ ಮುಂದುವರಿಯಿರಿ. ‘ಮೈಸೂರಿಗೆ ಹೋದ ಮೇಲೆ’ ಎಂದರೆ ಪೊಟ್ಯಾಸಿಯಂ, ಸೋಡಿಯಂ, ಕ್ರಿಯಾಟಿನಿನ್ ಇವನ್ನು ಹತ್ತಿರದ ಆಸ್ಪತ್ರೆಯಲ್ಲೇ ಮಾಡಿಸಿ. ಮಳೆಗಾಲದಲ್ಲಿ ಕರೆಂಟು ಹೋದಾಗ ಸೆಂಟ್ರಿಫ್ಯೂಜ್ ಹೇಗೆ ಓಡುತ್ತದೆ ಎಂದೂ ಕೇಳಿ. ಇನ್ವರ್ಟರ್ ಇಲ್ಲದ ಸೆಂಟರ್ ಜುಲೈ ತಿಂಗಳಲ್ಲಿ ನಂಬಿಕೆಗೆ ಅರ್ಹವಲ್ಲ.

ದುಬಾರಿ ಪರೀಕ್ಷೆಗಳಲ್ಲಿ ಯಾವುದಕ್ಕೆ ದುಡ್ಡು ಕೊಡಬಹುದು

ಕ್ರಿಯಾಟಿನಿನ್, ಪೊಟ್ಯಾಸಿಯಂಗಳದ್ದು ನೂರರ ಲೆಕ್ಕವಾದರೆ ಎನ್‌ಟಿ-ಪ್ರೊಬಿಎನ್‌ಪಿಯದ್ದು ಸಾವಿರದ ಲೆಕ್ಕ. ಆದರೂ ದುಬಾರಿ ಗುಂಪಿನಲ್ಲಿ ಬಿಪಿ ಇದ್ದವರಿಗೆ ಹೆಚ್ಚು ಸುಳಿವು ಕೊಡುವುದು ಇದೇ. ಒತ್ತಡದ ವಿರುದ್ಧ ವರ್ಷಗಟ್ಟಲೆ ರಕ್ತ ತಳ್ಳಿ ತಳ್ಳಿ ಹೃದಯದ ಗೋಡೆ ದಪ್ಪವಾಗುತ್ತದೆ, ಬಿಗಿಯಾಗುತ್ತದೆ. ಹಾಗೆ ಬಿಗಿಯಾದ ಗೋಡೆ ಹಿಗ್ಗಿ ಎಳೆತಕ್ಕೆ ಸಿಕ್ಕಾಗ ಬಿಡುಗಡೆಯಾಗುವ ವಸ್ತು ಇದು. ನಡೆದಾಡುವ ರೋಗಿಯಲ್ಲಿ 125 ಪಿಕೋಗ್ರಾಂ/ಮಿ.ಲೀ.ಗಿಂತ ಕಡಿಮೆ ಇದ್ದರೆ ಹೃದಯ ಸೋಲುತ್ತಿರುವ ಸಾಧ್ಯತೆ ತುಂಬಾ ಕಡಿಮೆ. ಮೇಲಿದ್ದರೆ ಹೃದಯದ ಸ್ಕ್ಯಾನ್ ಆದ ಎಕೋ ಮಾಡಿಸಿ ನೋಡಬೇಕು.

ಆದರೆ ಅಂಕಿಯನ್ನು ಆಳು ನೋಡಿ ಓದಬೇಕು. ವಯಸ್ಸಾದಂತೆ ಇದು ತಾನಾಗಿ ಏರುತ್ತದೆ. ಕಿಡ್ನಿ ಸೋತಿದ್ದರೆ, ಹೃದಯದ ಬಡಿತ ತಾಳ ತಪ್ಪಿದ್ದರೆ ಇನ್ನೂ ಏರುತ್ತದೆ. ಮೈ ತುಂಬಿಕೊಂಡವರಲ್ಲಿ ಇರಬೇಕಾದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ ದಪ್ಪಗಿರುವ ಮನುಷ್ಯ ಗದ್ದೆ ಏರಿ ಹತ್ತುವಾಗ ಏದುಸಿರು ಬಿಡುತ್ತಿದ್ದರೆ, 110 ಬಂತೆಂದು ಸುಮ್ಮನಾಗಬಾರದು.

ಕೊಡಗಿನವರಿಗೆ ಇದರಲ್ಲೊಂದು ಅನುಕೂಲವಿದೆ. ಬಿಎನ್‌ಪಿ ಎಂಬ ಇದರ ಜೋಡಿ ಪರೀಕ್ಷೆ ಕೆಲವೇ ಗಂಟೆಯಲ್ಲಿ ಕೆಡುತ್ತದೆ. ಎನ್‌ಟಿ-ಪ್ರೊಬಿಎನ್‌ಪಿ ಸಾಗಣೆಯನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಹೃದಯ ಸೋಲಿಗೆ ಸಾಕ್ಯುಬಿಟ್ರಿಲ್ ಸೇರಿದ ಮಾತ್ರೆ ತಿನ್ನುವವರಲ್ಲಿ ಬಿಎನ್‌ಪಿ ಮಾತ್ರೆಯಿಂದಲೇ ಏರುತ್ತದೆ, ಎನ್‌ಟಿ-ಪ್ರೊಬಿಎನ್‌ಪಿಗೆ ಆ ತೊಂದರೆ ಇಲ್ಲ. ಎರಡಕ್ಕೂ ‘ಬಿಎನ್‌ಪಿ’ ಎಂದೇ ಕರೆಯುವ ಸೆಂಟರ್‌ಗಳಿವೆ. ಬಿಲ್ಲಿನಲ್ಲಿ ಯಾವುದು ಬರೆದಿದೆ ನೋಡಿಕೊಳ್ಳಿ.

ಟ್ರೋಪೋನಿನ್ ವಿಷಯಕ್ಕೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಹೈ-ಸೆನ್ಸಿಟಿವಿಟಿ ಟ್ರೋಪೋನಿನ್ ಹೃದಯದ ಸ್ನಾಯು ಸದ್ದಿಲ್ಲದೆ ಸವೆಯುವುದನ್ನು ಹೇಳುತ್ತದೆ. ಟ್ರೋಪೋನಿನ್-ಟಿಗೆ 14 ನ್ಯಾನೋಗ್ರಾಂ/ಲೀ. ಮೇಲ್ಮಿತಿ. 2015ರಲ್ಲಿ ಪ್ರಕಟವಾದ, 9,361 ಜನರ ಸ್ಪ್ರಿಂಟ್ ಅಧ್ಯಯನದಲ್ಲಿ ಮೇಲಿನ ಒತ್ತಡವನ್ನು 120ಕ್ಕಿಂತ ಕೆಳಗೆ ತಂದವರಲ್ಲಿ ಹೃದಯದ ಅನಾಹುತಗಳು ನಾಲ್ಕನೇ ಒಂದು ಪಾಲು ಇಳಿದಿದ್ದವು. ಆ ಜನರದ್ದೇ ರಕ್ತವನ್ನು ಆಮೇಲೆ ಪರೀಕ್ಷಿಸಿದಾಗ ಟ್ರೋಪೋನಿನ್, ಎನ್‌ಟಿ-ಪ್ರೊಬಿಎನ್‌ಪಿ ಎರಡೂ ಏರಿದ್ದವರಲ್ಲಿ ಹೃದಯ ಸೋಲು ಮತ್ತು ಸಾವಿನ ಅಪಾಯ ಹೆಚ್ಚೆಂದು ಕಂಡಿತು. ಇಷ್ಟೆಲ್ಲ ಇದ್ದರೂ 2024ರ ಯುರೋಪಿನ ಮಾರ್ಗಸೂಚಿ ಇವೆರಡನ್ನು ಎಲ್ಲರಿಗೂ ಮಾಡಿಸಿ ಎನ್ನುವುದಿಲ್ಲ. ಅಪಾಯ ಗೆರೆಯ ಮೇಲೆ ನಿಂತವರಲ್ಲಿ, ಮಾತ್ರೆ ಶುರು ಮಾಡಬೇಕೋ ಬೇಡವೋ ಎಂಬ ಅನುಮಾನವಿದ್ದಾಗ, ಖರ್ಚನ್ನೂ ಮಾತಾಡಿಕೊಂಡು ಪರಿಗಣಿಸಬಹುದು ಎನ್ನುತ್ತದೆ. ನಮ್ಮ ಅಭಿಪ್ರಾಯವೂ ಅದೇ.

ಪ್ಯಾಕೇಜಿನಲ್ಲಿ ಬರೀ ‘ಟ್ರೋಪೋನಿನ್: ನೆಗೆಟಿವ್’ ಎಂದು ಬರುವ ಕಾರ್ಡ್ ಟೆಸ್ಟ್ ಇದ್ದರೆ ಅದರಿಂದ ಮುಂದಿನ ಅಪಾಯ ತಿಳಿಯುವುದಿಲ್ಲ, ಅದಕ್ಕೆ ಕೊಟ್ಟ ದುಡ್ಡು ವ್ಯರ್ಥ. ಇನ್ನು ಎದೆ ಹಿಂಡುವಂತಾಗಿ, ಬೆವರು ಸುರಿದು, ಎಡಗೈಗೋ ದವಡೆಗೋ ನೋವು ಹರಿದರೆ ಮನೆಗೆ ರಕ್ತ ತೆಗೆಯುವವರನ್ನು ಕರೆಯಲೇಬೇಡಿ. 108ಕ್ಕೆ ಫೋನ್ ಮಾಡಿ ಇಸಿಜಿ ಇರುವ ಆಸ್ಪತ್ರೆಗೆ ಹೋಗಿ. ಗ್ಯಾಸ್ಟ್ರಿಕ್ ಎಂದು ಓಮದ ನೀರು ಕುಡಿದು ಕಾಯುವ ಒಂದೊಂದು ಗಂಟೆಗೂ ಹೃದಯದ ಸ್ನಾಯು ಸಾಯುತ್ತಿರುತ್ತದೆ.

ಕೂದಲಿಗೆಂದು 5 ಅಥವಾ 10 ಮಿ.ಗ್ರಾಂ ಬಯೋಟಿನ್ ಮಾತ್ರೆ ತಿನ್ನುವವರು ಲ್ಯಾಬಿಗೆ ತಿಳಿಸಬೇಕು. ಕೆಲವು ಯಂತ್ರಗಳಲ್ಲಿ ಅದು ಟ್ರೋಪೋನಿನ್ ಅಂಕಿಯನ್ನು ಸುಳ್ಳಾಗಿ ಇಳಿಸುತ್ತದೆ, ಥೈರಾಯ್ಡ್ ಅಂಕಿಗಳನ್ನೂ ಕೆಡಿಸುತ್ತದೆ.

ಎಲ್‌ಪಿ ಲಿಟಲ್ ಎ ಎಂಬುದು ಕೊಲೆಸ್ಟ್ರಾಲ್ ಹೊರುವ ಒಂದು ಬಗೆಯ ಕಣ, ಹುಟ್ಟಿನಿಂದ ಬಂದದ್ದು. ಅಪ್ಪ ಅಮ್ಮನಿಂದ ಬಂದ ಮಟ್ಟ ಊಟದಿಂದಲೂ ವ್ಯಾಯಾಮದಿಂದಲೂ ಹೆಚ್ಚು ಬದಲಾಗುವುದಿಲ್ಲ. 50 ಮಿ.ಗ್ರಾಂ/ಡೆ.ಲೀ. ಅಥವಾ 125 ನ್ಯಾನೋಮೋಲ್/ಲೀ. ದಾಟಿದ್ದರೆ ಅಪಾಯ ಹೆಚ್ಚು. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ ಖಂಡಿತ ಮಾಡಿಸಿ. ಆದರೆ ಜೀವಮಾನಕ್ಕೆ ಒಂದು ಸಲ ಸಾಕು. ‘ವಾರ್ಷಿಕ ಹಾರ್ಟ್ ಪ್ಯಾಕೇಜ್’ ಎಂದು ಪ್ರತಿ ವರ್ಷ ಇದನ್ನೇ ಸೇರಿಸಿ ಬಿಲ್ ಮಾಡುವುದು ಸರಿಯಲ್ಲ. ಮಿ.ಗ್ರಾಂ ಅಂಕಿಯನ್ನು ಇಂತಿಷ್ಟರಿಂದ ಗುಣಿಸಿ ನ್ಯಾನೋಮೋಲ್ ಮಾಡುವುದು ಕೂಡ ನಿಖರವಲ್ಲ. ಎರಡು ಲ್ಯಾಬಿನ ರಿಪೋರ್ಟ್ ಹೋಲಿಸುವಾಗ ಅಳತೆಯ ಘಟಕ ನೋಡಿ. ಪ್ಯಾಕೇಜಿನಲ್ಲಿ ಅಪೊ-ಎ1 ಎಂದಿದ್ದರೆ ಅದು ಬೇರೆ ವಸ್ತು, ಇದಲ್ಲ.

ಕೊಲೆಸ್ಟ್ರಾಲ್ ಹೊರುವ ಕಣಗಳ ಪ್ರೋಟೀನ್ ಅಳೆಯುವ ಅಪೊ-ಬಿ ಒಳ್ಳೆಯ ಪರೀಕ್ಷೆ. ರಕ್ತನಾಳಕ್ಕೆ ಮೆತ್ತುವ ಪ್ರತಿ ಕಣಕ್ಕೂ ಒಂದೇ ಅಪೊ-ಬಿ ಇರುವುದರಿಂದ ಕಣಗಳ ತಲೆ ಎಣಿಸಿದಂತೆ. ಹೊಟ್ಟೆ ಬಂದು ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ ಏರಿದವರಲ್ಲಿ ‘ಕೆಟ್ಟ’ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ಚೆನ್ನಾಗಿಯೇ ಕಂಡು ಅಪೊ-ಬಿ ಹೆಚ್ಚಿರುವುದುಂಟು. ಅಷ್ಟು ದುಡ್ಡಿಲ್ಲದಿದ್ದರೆ ಒಟ್ಟು ಕೊಲೆಸ್ಟ್ರಾಲಿನಿಂದ ‘ಒಳ್ಳೆಯ’ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಕಳೆಯಿರಿ. ಉಳಿಯುವ ನಾನ್-ಎಚ್‌ಡಿಎಲ್ ಅಂಕಿ ಅದೇ ಕೆಲಸವನ್ನು ಬಹುಪಾಲು ಮಾಡುತ್ತದೆ, ಪುಕ್ಕಟೆ.

ದೇಹದೊಳಗಿನ ಉರಿಯೂತ ತೋರಿಸುವ ಹೈ-ಸೆನ್ಸಿಟಿವಿಟಿ ಸಿಆರ್‌ಪಿಯನ್ನು ಮಳೆಗಾಲದಲ್ಲಿ ಮಾಡಿಸಲೇಬೇಡಿ. 1ಕ್ಕಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3 ಮಿ.ಗ್ರಾಂ/ಲೀ. ಮೇಲೆ ಹೆಚ್ಚು ಎಂಬ ಲೆಕ್ಕ ಆರೋಗ್ಯವಾಗಿರುವ ದಿನಕ್ಕೆ ಮಾತ್ರ. ಶೀತ, ಜ್ವರ, ಒಸಡಿನ ಬಾವು, ಕಾಲಿಗೆ ಚುಚ್ಚಿ ಕೀವಾದ ಮುಳ್ಳು ಯಾವುದಿದ್ದರೂ ಅದು ಏರುತ್ತದೆ. 10 ದಾಟಿದ್ದರೆ ಹೃದಯದ ಅಪಾಯ ಎಂದು ಓದದೆ ಸೋಂಕು ಎಲ್ಲಿದೆ ಎಂದು ಹುಡುಕಿ, ವಾಸಿಯಾಗಿ ಎರಡು ವಾರ ಕಳೆದ ಮೇಲೆ ಮತ್ತೆ ನೋಡಬೇಕು. 2008ರ ಜುಪಿಟರ್ ಅಧ್ಯಯನದಲ್ಲಿ ಎಲ್‌ಡಿಎಲ್ 130ಕ್ಕಿಂತ ಕೆಳಗಿದ್ದು ಸಿಆರ್‌ಪಿ 2 ಅಥವಾ ಮೇಲಿದ್ದ 17,802 ಜನರನ್ನು ತೆಗೆದುಕೊಂಡು, ಅರ್ಧದಷ್ಟು ಜನರಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ರೋಸುವಾಸ್ಟಾಟಿನ್ 20 ಮಿ.ಗ್ರಾಂ ಕೊಟ್ಟಾಗ ಅವರಲ್ಲಿ ಹೃದಯದ ಅನಾಹುತಗಳು ಶೇ 44ರಷ್ಟು ಇಳಿದವು. ಸ್ಟಾಟಿನ್ ಬೇಕೋ ಬೇಡವೋ ಎಂದು ವೈದ್ಯರು ತೂಗುವಾಗ ಈ ಅಂಕಿಗೆ ಬೆಲೆಯಿದೆ. ಸ್ಟಾಟಿನ್ ಆಗಲೇ ತಿನ್ನುತ್ತಿರುವವರಿಗೆ ಈ ಅಂಕಿಯಿಂದ ಮಾತ್ರೆ ಬದಲಾಗುವುದು ಅಪರೂಪ.

ರಕ್ತದಲ್ಲಿರುವ ಅಮೈನೋ ಆಮ್ಲವಾದ ಹೋಮೋಸಿಸ್ಟೀನ್‌ಗೆ ನಮ್ಮ ಉತ್ತರ ನೇರ: ಬೇಡ. ಬಿ12, ಫೋಲಿಕ್ ಆಮ್ಲ ಕೊಟ್ಟು ಅದನ್ನು ಇಳಿಸಿದ ದೊಡ್ಡ ಅಧ್ಯಯನಗಳಲ್ಲಿ ಹೃದಯಾಘಾತ ಕಡಿಮೆಯಾಗಲಿಲ್ಲ. ಸಾಲದ್ದಕ್ಕೆ, ಬೇರ್ಪಡಿಸದ ರಕ್ತದಲ್ಲಿ ಇದು ಗಂಟೆಗೆ ಸುಮಾರು ಶೇ 10ರಷ್ಟು ತಾನಾಗಿ ಏರುತ್ತದೆ. ಭಾಗಮಂಡಲದಿಂದ ಹೊರಟ ಟ್ಯೂಬು ಸೆಂಟರ್ ತಲುಪುವುದರೊಳಗೆ ನಾರ್ಮಲ್ ಇದ್ದದ್ದು ‘ಹೈ’ ಆಗಿರುತ್ತದೆ. ಆ ಕೆಂಪು ಅಕ್ಷರ ನೋಡಿ ತಿಂಗಳುಗಟ್ಟಲೆ ವಿಟಮಿನ್ ನುಂಗುವವರನ್ನು ಕಂಡರೆ ಸಂಕಟವಾಗುತ್ತದೆ.

ವಯಸ್ಸು 40 ಆಗುವ ಮುಂಚೆಯೇ ಬಿಪಿ ಬಂದಿದ್ದರೆ, ಮೂರು ಬಗೆಯ ಮಾತ್ರೆ ತಿಂದರೂ ಹತೋಟಿಗೆ ಬಾರದಿದ್ದರೆ, ಪೊಟ್ಯಾಸಿಯಂ ಪದೇ ಪದೇ 3.5ಕ್ಕಿಂತ ಕೆಳಗೆ ಬಂದರೆ ಕೇಳಬೇಕಾದ್ದು ಅಲ್ಡೋಸ್ಟೆರೋನ್-ರೆನಿನ್ ಅನುಪಾತ. ಕಿಡ್ನಿ ಮೇಲಿನ ಗ್ರಂಥಿ ಉಪ್ಪು ಹಿಡಿದಿಡುವ ಅಲ್ಡೋಸ್ಟೆರೋನ್ ಹಾರ್ಮೋನನ್ನು ಅತಿಯಾಗಿ ಸುರಿಸಿ ಬಿಪಿ ಏರಿಸುವ ಕಾಯಿಲೆಯನ್ನು ಇದು ಹಿಡಿಯುತ್ತದೆ. ಇದು ಹಾರ್ಟ್ ಪ್ಯಾಕೇಜುಗಳಲ್ಲಿ ಇರುವುದಿಲ್ಲ. ಇದಕ್ಕೆ ಐಸ್ ಡಬ್ಬವೇ ಶತ್ರು: ಬೇರ್ಪಡಿಸುವ ಮುಂಚೆ ತಂಪು ತಗುಲಿದರೆ ರೆನಿನ್ ಸುಳ್ಳಾಗಿ ಏರಿ ಕಾಯಿಲೆ ಮುಚ್ಚಿಹೋಗುತ್ತದೆ. ಯಾವ ಮಾತ್ರೆ ಎಷ್ಟು ವಾರ ನಿಲ್ಲಿಸಬೇಕು ಎಂಬುದನ್ನೂ ವೈದ್ಯರೇ ಹೇಳಬೇಕು. ಇದೊಂದನ್ನು ಮನೆಯಲ್ಲಿ ಕೊಡದೆ ದೊಡ್ಡ ಆಸ್ಪತ್ರೆಗೇ ಹೋಗಿ ಕೊಡುವುದು ಒಳ್ಳೆಯದು.

ಹಿಂದಿನ ರಾತ್ರಿ, ಅಂದಿನ ಬೆಳಿಗ್ಗೆ

‘ಖಾಲಿ ಹೊಟ್ಟೆಯಲ್ಲಿರಿ’ ಎಂದಷ್ಟೇ ಹೇಳಿ ಫೋನ್ ಇಡುತ್ತಾರೆ. ಇಲ್ಲಿನ ಮನೆಗಳಲ್ಲಿ ಎದ್ದ ಕೂಡಲೇ ಬೆಲ್ಲದ ಕರಿ ಕಾಫಿ ಕುಡಿಯುವುದು ಊಟದ ಲೆಕ್ಕಕ್ಕೆ ಸೇರುವುದೇ ಇಲ್ಲ. ಲ್ಯಾಬಿನ ಲೆಕ್ಕದಲ್ಲಿ ಅದು ಸಕ್ಕರೆಯೇ. ನೀರು ಮಾತ್ರ ಕುಡಿಯಬಹುದು, ಕುಡಿಯಲೇಬೇಕು, ನರವೂ ಸಿಗುತ್ತದೆ. ಬಿಪಿ ಮಾತ್ರೆಯನ್ನು ಆ ನೀರಿನಲ್ಲೇ ಎಂದಿನ ಹೊತ್ತಿಗೆ ನುಂಗಿ. ರಕ್ತ ಕೊಡುವ ದಿನ ಮಾತ್ರೆ ಬಿಟ್ಟು ಒತ್ತಡ 180ಕ್ಕೆ ಏರಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಸಕ್ಕರೆ ಮಾತ್ರೆ, ಇನ್ಸುಲಿನ್ ಮಾತ್ರ ರಕ್ತ ಕೊಟ್ಟು ತಿಂಡಿಗೆ ಕೂರುವಾಗ.

ಪುತ್ತರಿ, ಮದುವೆ, ಕೈಲ್‌ಪೊಳ್ದ್ ಮುಗಿದ ಮಾರನೆಯ ದಿನ ಬುಕ್ ಮಾಡಬೇಡಿ. ಹಂದಿ ಮಾಂಸ, ಕಡಂಬುಟ್ಟು, ಜೊತೆಗೆ ಒಂದೆರಡು ಪೆಗ್ ಆದ ರಾತ್ರಿಯ ಮಾರನೆಯ ಬೆಳಿಗ್ಗೆ ಟ್ರೈಗ್ಲಿಸರೈಡ್ 400 ದಾಟಬಹುದು. ಆಗ ಲೆಕ್ಕ ಹಾಕಿ ಬರೆಯುವ ಎಲ್‌ಡಿಎಲ್ ಅಂಕಿಗೆ ಬೆಲೆಯೇ ಇಲ್ಲ, ಏಕೆಂದರೆ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನು ಕಳೆಯುವ ಸೂತ್ರ ಅಲ್ಲಿಂದ ಮೇಲೆ ಮುರಿದುಬೀಳುತ್ತದೆ. ಮೂರು ದಿನ ಮಾಮೂಲಿ ಊಟ ಮಾಡಿ ಕೊಡಿ.

ಬೆನ್ನುನೋವಿಗೆ, ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ತಿನ್ನುವುದು ತೋಟದ ಕೆಲಸದವರಲ್ಲಿ, ಲೈನ್ ಮನೆಗಳಲ್ಲಿ ಹೆಚ್ಚು. ಇವು ಒತ್ತಡವನ್ನೂ ಕ್ರಿಯಾಟಿನಿನನ್ನೂ ಪೊಟ್ಯಾಸಿಯಂ ಅನ್ನೂ ಏರಿಸುತ್ತವೆ. ರಕ್ತ ತೆಗೆಯುವವರು ಇದನ್ನು ಕೇಳುವುದಿಲ್ಲ. ನೀವೇ ಚೀಟಿಯಲ್ಲಿ ಬರೆಸಿ.

ಜೊತೆಗೆ ಬಿಪಿಯನ್ನೂ ಪುಕ್ಕಟೆ ನೋಡುತ್ತೇವೆ ಎಂದರೆ ಸೂಜಿ ಚುಚ್ಚುವ ಮುಂಚೆ ನೋಡಲಿ. ಐದು ನಿಮಿಷ ಬೆನ್ನು ಆನಿಸಿ ಕೂತು, ಪಾದ ನೆಲಕ್ಕೂರಿ, ತೋಳು ಎದೆಯ ಮಟ್ಟದಲ್ಲಿಟ್ಟು, ಒಂದು ನಿಮಿಷ ಬಿಟ್ಟು ಎರಡು ಸಲ. ಮಣಿಕಟ್ಟಿಗೆ ಕಟ್ಟುವ ಯಂತ್ರ ತಂದರೆ ಬೇಡ ಎನ್ನಿ.

ರಿಪೋರ್ಟ್ ಬಂದ ಮೇಲೆ

ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಗುರುತು ಮೊದಲ ಪುಟದಲ್ಲಿದ್ದರೆ ಸಾಲದು. ಮಾನ್ಯತೆ ಸಿಗುವುದು ಒಂದೊಂದು ಪರೀಕ್ಷೆಗೆ, ಒಂದೊಂದು ಜಾಗದ ಲ್ಯಾಬಿಗೆ. ಎನ್‌ಟಿ-ಪ್ರೊಬಿಎನ್‌ಪಿ, ಎಲ್‌ಪಿ ಲಿಟಲ್ ಎ ಆ ವ್ಯಾಪ್ತಿಯೊಳಗಿವೆಯೇ ಎಂದು ಎನ್‌ಎಬಿಎಲ್ ಜಾಲತಾಣದಲ್ಲಿ ನೋಡಬಹುದು. ರಕ್ತ ತೆಗೆದ ಹೊತ್ತು, ಲ್ಯಾಬಿಗೆ ತಲುಪಿದ ಹೊತ್ತು ಎರಡೂ ರಿಪೋರ್ಟಿನಲ್ಲಿ ಅಚ್ಚಾಗಿರಬೇಕು. ಎರಡರ ನಡುವೆ ಹತ್ತು ಗಂಟೆ ಅಂತರವಿದ್ದು ಪೊಟ್ಯಾಸಿಯಂ 5.9 ಇದ್ದರೆ ಮೊದಲು ಅನುಮಾನಿಸಬೇಕಾದ್ದು ಸಾಗಣೆಯನ್ನು. ಆದರೆ ಮನೆಯಲ್ಲಿ ಕೂತು ಅನುಮಾನಿಸಬೇಡಿ. ಅಂದೇ ಆಸ್ಪತ್ರೆಯಲ್ಲಿ ಮತ್ತೊಮ್ಮೆ ತೆಗೆಸಿ, ಇಸಿಜಿ ಮಾಡಿಸಿ. ನಿಜವಾಗಿದ್ದರೆ ಅದು ಹೃದಯ ನಿಲ್ಲಿಸಬಲ್ಲ ಅಂಕಿ.

ಕೊನೆಯ ಪುಟದ ‘ಹಾರ್ಟ್ ರಿಸ್ಕ್’ ಬಣ್ಣದ ಚಿತ್ರ ಹೆಚ್ಚಾಗಿ ಕೊಲೆಸ್ಟ್ರಾಲಿನ ಅನುಪಾತದಿಂದ ಬಂದದ್ದು. ನಿಮ್ಮ ವಯಸ್ಸು, ಬೀಡಿ ಸಿಗರೇಟು, ಒತ್ತಡದ ಅಂಕಿ ಯಾವುದೂ ಅದಕ್ಕೆ ಗೊತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪರಿಷ್ಕರಿಸಿದ ಚಾರ್ಟ್‌ಗಳಲ್ಲಿ ದಕ್ಷಿಣ ಏಷ್ಯಾದವರಿಗೆಂದೇ ಬೇರೆ ಪುಟವಿದೆ. 40ರಿಂದ 74 ವಯಸ್ಸಿನವರ ಮುಂದಿನ 10 ವರ್ಷದ ಅಪಾಯವನ್ನು ವೈದ್ಯರು ಅದರಲ್ಲಿ ಒಂದು ನಿಮಿಷದಲ್ಲಿ ನೋಡಬಹುದು.

ಖರ್ಚು ಭಾರವಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಅಂಟದ ಕಾಯಿಲೆಗಳಿಗೆಂದು ಇರುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಬಿಪಿ, ಸಕ್ಕರೆ ನೋಡಿ ಮಾತ್ರೆಯನ್ನೂ ಕೊಡುತ್ತಾರೆ. ಅಲ್ಲಿಂದ ಶುರು ಮಾಡಿ, ಅಲ್ಲಿ ಸಿಗದ ಎಸಿಆರ್ ಒಂದನ್ನು ಹೊರಗೆ ಮಾಡಿಸಿದರೂ ದೊಡ್ಡ ಪ್ಯಾಕೇಜಿಗಿಂತ ಹೆಚ್ಚು ಕೆಲಸವಾಗುತ್ತದೆ.

ಎಸಿಆರ್ ಏರಿದೆ ಎಂದು ವೈದ್ಯರು ಟೆಲ್ಮಿಸಾರ್ಟಾನ್ ಅಥವಾ ರಾಮಿಪ್ರಿಲ್ ಶುರು ಮಾಡಿದರೆ ಎರಡರಿಂದ ನಾಲ್ಕು ವಾರದೊಳಗೆ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಮಾತ್ರ ಮತ್ತೆ ಮಾಡಿಸಬೇಕು. ಕ್ರಿಯಾಟಿನಿನ್ ಶೇ 30ರೊಳಗೆ ಏರಿದರೆ ಮಾತ್ರೆ ನಿಲ್ಲಿಸುವ ಕಾರಣವಿಲ್ಲ. ಈ ಮರುಪರೀಕ್ಷೆಗೆ ಬಂದಾಗ ಸೆಂಟರ್‌ನವರು ಮತ್ತೆ ಪೂರ್ತಿ ಪ್ಯಾಕೇಜು ತೋರಿಸುತ್ತಾರೆ. ಎರಡೇ ಸಾಕು ಎನ್ನಿ, ಸೀರಂ ಗುಲಾಬಿ ಬಂದರೆ ದುಡ್ಡಿಲ್ಲದೆ ಮತ್ತೆ ತೆಗೆಯುತ್ತೀರಾ ಎಂದು ಮೊದಲೇ ಕೇಳಿ ಒಪ್ಪಿಸಿಕೊಳ್ಳಿ.